ಚೈನು ಕಳಚಿದರೆ ಲೆಕ್ಕಕ್ಕಿಲ್ಲ

ತಿಪಟೂರಿನ ಹೈಸ್ಕೂಲಿಗೆ ಸುತ್ತಲಿನ ಹಳ್ಳಿಗಳಿಂದ ನಾವು ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ ಕಾಲದಲ್ಲಿ ಬಿ.ಎಚ್. ರೋಡಿಗೆ ಅದರದೇ ಒಂದು ಕಾನೂನಿತ್ತು. ಯಾರೂ ಬರೆದಿಟ್ಟದ್ದಲ್ಲ, ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ. ಹಿಂದಿದ್ದವನು ಮುಂದಿದ್ದವನನ್ನು ದಾಟಿ ಹೋದರೆ ಗೆದ್ದ ಹಾಗೆ. ಆದರೆ ಮುಂದಿದ್ದವನ ಚೈನು ಕಳಚಿದ್ದರೆ, ಟೈರಿನ ಗಾಳಿ ಇಳಿದಿದ್ದರೆ, ಕ್ಯಾರಿಯರಿನ ಮೇಲೆ ತಂಗಿಯೋ ತೆಂಗಿನಕಾಯಿ ಚೀಲವೋ ಕೂತಿದ್ದರೆ ಆ ಗೆಲುವು ಲೆಕ್ಕಕ್ಕಿಲ್ಲ. ಚೈನು ಕಳಚಿದವನ ಹತ್ತಿರ ನಿಲ್ಲದೆ ಹೋದವನನ್ನಂತೂ ಮಾರನೆಯ ದಿನ ಯಾರೂ ಪಂದ್ಯಕ್ಕೇ ಸೇರಿಸಿಕೊಳ್ಳುತ್ತಿರಲಿಲ್ಲ. ಅವನು ಎಷ್ಟೇ ಜೋರಾಗಿ ತುಳಿಯಲಿ, ಅವನ ಪಾಡಿಗೆ ಅವನು ತುಳಿಯಬೇಕು. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ.

ಇದು ಎಂಬತ್ತರ ದಶಕದ ಮಾತು. ಬೆಂಗಳೂರು–ಹೊನ್ನಾವರದ ಆ ರಸ್ತೆ ಆಗ ಈಗಿನಷ್ಟು ಅಗಲವಾಗಿರಲಿಲ್ಲ. ಕೊಬ್ಬರಿ ಮೂಟೆ ಹೇರಿದ ಲಾರಿಗಳು ಎದುರಾದರೆ ನಾವು ಡಾಂಬರು ಬಿಟ್ಟು ಮಣ್ಣಿಗಿಳಿಯಬೇಕು, ಲಾರಿ ದಾಟಿದ ಮೇಲೆ ಮತ್ತೆ ಡಾಂಬರಿನ ಅಂಚು ಹತ್ತಬೇಕು. ಚೈನು ಕಳಚುತ್ತಿದ್ದದ್ದು ಬಹುಪಾಲು ಆ ಅಂಚಿನಲ್ಲೇ. ಸೈಕಲ್ಲುಗಳು ನಮ್ಮವಲ್ಲ, ಅಪ್ಪಂದಿರವು, ಚಿಕ್ಕಪ್ಪಂದಿರವು. ಅಟ್ಲಾಸ್, ಹರ್ಕ್ಯುಲಿಸ್, ಹೀರೋ, ಅಪರೂಪಕ್ಕೊಂದು ರ‍್ಯಾಲಿ. ಎಲ್ಲವೂ ಕಪ್ಪು, ಎಲ್ಲವೂ ಇಪ್ಪತ್ತು ಕಿಲೋ ಮೀರಿದವು. ಕುಳ್ಳಗಿದ್ದವರು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದರು. ಒಳಪೆಡಲಿನವನು ಸೀಟಿನವನನ್ನು ದಾಟಿದರೆ ಅದಕ್ಕೆ ಎರಡು ಗೆಲುವಿನ ಬೆಲೆ.

ನನ್ನ ಎದುರಾಳಿ ಪಟೇಲರ ಮನೆಯ ಹುಡುಗ. ನಮ್ಮಲ್ಲಿ ಸ್ವಂತ ಸೈಕಲ್ಲಿದ್ದವನು ಅವನೊಬ್ಬನೇ, ಡೈನಮೋ ಇದ್ದವನೂ ಅವನೊಬ್ಬನೇ. ಹಗಲು ನಾವಿಬ್ಬರೂ ಹಾವು ಮುಂಗುಸಿ. ಅವನ ಹಿಂದಿನ ಚಕ್ರದ ವಾಲ್‌ಟ್ಯೂಬನ್ನು ನಾನು ಸ್ಟ್ಯಾಂಡಿನಲ್ಲಿ ಸಡಿಲ ಮಾಡಿದ್ದುಂಟು, ನನ್ನ ಸೀಟನ್ನು ಅವನು ಹಿಂದುಮುಂದಾಗಿ ತಿರುಗಿಸಿ ಇಟ್ಟದ್ದುಂಟು. ವಾಲ್‌ಟ್ಯೂಬು ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ: ವಾಲ್ವಿನ ಕಡ್ಡಿಗೆ ತೊಡಿಸುವ ಕಿರುಬೆರಳಿಗಿಂತ ಸಣ್ಣನೆಯ ರಬ್ಬರ್ ಕೊಳವೆ. ಅದು ಬಿಸಿಲಿಗೆ ಜಿಗುಟಾಗಿ ಹರಿದರೆ ಟೈರು ಕ್ಷಣಮಾತ್ರದಲ್ಲಿ ಚಪ್ಪಟೆ. ಕೆಲವೇ ಪೈಸೆಯ ಆ ತುಂಡನ್ನು ನಾವೆಲ್ಲ ಜಾಮಿಟ್ರಿ ಬಾಕ್ಸಿನಲ್ಲಿ ಕೋನಮಾಪಕದ ಪಕ್ಕ ಇಟ್ಟುಕೊಂಡಿರುತ್ತಿದ್ದೆವು. ವಿಚಿತ್ರವೆಂದರೆ, ನಾನು ಗಾಳಿ ಇಳಿಸಿದ ಚಕ್ರಕ್ಕೆ ನನ್ನ ಬಾಕ್ಸಿನ ವಾಲ್‌ಟ್ಯೂಬನ್ನೇ ಕೊಡಬೇಕಾಗುತ್ತಿತ್ತು. ಪಂದ್ಯ ನಡೆಯಬೇಕಾದರೆ ಅವನ ಚಕ್ರದಲ್ಲಿ ಗಾಳಿ ಇರಬೇಕಲ್ಲ.

ಸಂಜೆ ಟ್ಯೂಷನ್ ಮುಗಿಸಿ ಹೊರಡುವ ಹೊತ್ತಿಗೆ ಕತ್ತಲಾದರೆ ಲೆಕ್ಕಾಚಾರವೇ ಬೇರೆ. ಡೈನಮೋದ ಗುಂಡಿಯನ್ನು ಟೈರಿಗೆ ಒತ್ತಿಸಿದರೆ ದೀಪ ಹತ್ತುತ್ತದೆ, ಸೈಕಲ್ಲು ಭಾರವಾಗುತ್ತದೆ. ನಿಧಾನ ತುಳಿದರೆ ದೀಪ ಮಂಕು, ಜೋರು ತುಳಿದರೆ ಉರಿ. ಅವನು ಮುಂದೆ, ಉಳಿದ ಐದಾರು ಜನ ಅವನ ಬೆಳಕಿನ ಹಿಂದೆ. "ಲೇ, ಕಾಣ್ತಿಲ್ಲ ಕಣೋ, ತುಳಿಯೋ" ಎಂದು ಹಿಂದಿನಿಂದ ಕೂಗು. ಅವನು ಏದುಸಿರು ಬಿಡುತ್ತ, ನಮ್ಮನ್ನೆಲ್ಲ ಬೈಯುತ್ತ, ಹೆಚ್ಚುವರಿ ಭಾರವನ್ನು ತಾನೊಬ್ಬನೇ ತುಳಿಯುತ್ತ ಊರಿನ ಬೇಲಿಯವರೆಗೂ ಬೆಳಕು ಹಿಡಿಯುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ದಾಟಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ದಾಟಿದರೆ ಮುಂದೆ ಕತ್ತಲೆಯೇ ಎನ್ನುವುದೂ ಒಂದು ಕಾರಣ, ಸುಳ್ಳೇಕೆ ಹೇಳಲಿ.

ನಮ್ಮ ತಕರಾರುಗಳ ಹೈಕೋರ್ಟು ಸೈಕಲ್ ಶಾಪಿನ ಸಾಬರದು. ಮುಂದೆ ನೀರು ತುಂಬಿದ ಬಾಂಡಲಿ, ಪಕ್ಕದಲ್ಲಿ ಮರಳುಕಾಗದ, ಸಲ್ಯೂಷನ್ ಡಬ್ಬಿ, ಹಳೇ ಟ್ಯೂಬಿನಿಂದ ಕತ್ತರಿಸಿದ ತುಂಡುಗಳು. ಯಾರು ಮುಂದೆ ಬಂದರು, ಯಾರು ಮಣ್ಣಿಗಿಳಿಯದೆ ಅಡ್ಡ ಬಂದರು ಎಂದು ನಾವು ಕೂಗಾಡುತ್ತಿದ್ದರೆ ಅವರು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ ತೀರ್ಪು ಕೊಡುತ್ತಿದ್ದರು. ಸೋತವನಿಗೆ ಅಲ್ಲಿ ಗಾಳಿ ಬಿಟ್ಟಿ. "ಗೆದ್ದೋನಿಗೆ ಖುಷಿ ಐತಲ್ಲಪ್ಪ, ಗಾಳೀನೂ ಯಾಕೆ?" ಎನ್ನುತ್ತಿದ್ದರು. ಬಿಟ್ಟಿ ಗಾಳಿಗಾಗಿ ಬೇಕೆಂದೇ ಸೋತವರೂ ನಮ್ಮಲ್ಲಿದ್ದರು.

ಕಾಲೇಜು, ಕೆಲಸ, ಬೆಂಗಳೂರು, ಸ್ಕೂಟರು. ಸೈಕಲ್ಲು ಬಿಟ್ಟುಹೋಯಿತು. ಊರಿಗೆ ಹೋದಾಗ ನೋಡಿದರೆ ಅಲ್ಲಿ ದೊಡ್ಡ ಹುಡುಗರೆಲ್ಲ ಬೈಕಿಗೆ ಹತ್ತಿದ್ದರು. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಅದೇ ರಸ್ತೆಯಲ್ಲಿ ಜಡೆ ಹಾರಿಸುತ್ತ ಹೆಣ್ಣುಮಕ್ಕಳು ಪಂದ್ಯ ಕಟ್ಟುವುದನ್ನು ಕಂಡೆ. ನಮ್ಮ ಕಾಲದಲ್ಲಿ ಕ್ಯಾರಿಯರಿನ ಮೇಲೆ ಕೂತು ಬರುತ್ತಿದ್ದ ತಂಗಿಯರ ಮಕ್ಕಳು ಇವರು. ಒಬ್ಬಳ ಚೈನು ಕಳಚಿದಾಗ ಜೊತೆಯ ಮೂವರೂ ನಿಂತರು. ಯಾರೂ ಹೇಳಿಕೊಡದೆ ಆ ಕಾನೂನು ಅವರಿಗೆ ಹೇಗೆ ತಲುಪಿತೋ.

ನಾನು ಮತ್ತೆ ಸೈಕಲ್ ಏರಿದ್ದು ಡಾಕ್ಟರ ಮಾತಿಗೆ. ಸಕ್ಕರೆ ಕಾಯಿಲೆ ಬಾಗಿಲು ತಟ್ಟುತ್ತಿದೆ, ಏನಾದರೂ ಮಾಡಿ ಎಂದರು. ಗೇರ್ ಸೈಕಲ್ ಕೊಂಡೆ. ಬೆಂಗಳೂರಿನಲ್ಲಿ ಗೇರ್ ಸೈಕಲ್ ಕೊಂಡವರೆಲ್ಲ ಇಂದಲ್ಲ ನಾಳೆ ಒಂದು ಭಾನುವಾರ ನಂದಿ ಬೆಟ್ಟದ ಬುಡದಲ್ಲಿ ನಿಂತಿರುತ್ತಾರೆ, ನಾನೂ ನಿಂತೆ. 1,478 ಮೀಟರ್ ಎತ್ತರದ ಬೆಟ್ಟ, ತಿರುವಿನ ಮೇಲೆ ತಿರುವು. ಕೆಳಗೆ ದ್ರಾಕ್ಷಿ ತೋಟಗಳ ನಡುವೆ ಹರಟೆ ಹೊಡೆಯುತ್ತ ಬಂದ ಗುಂಪು ಏರು ಶುರುವಾದ ಕೂಡಲೇ ಮಾತು ನಿಲ್ಲಿಸುತ್ತದೆ. ಅಲ್ಲಿ ನನಗೆ ಸಿಕ್ಕವರು ಹಾರ್ಡ್‌ವೇರ್ ಅಂಗಡಿಯ ಸಾಹುಕಾರರು. ದಾವಣಗೆರೆ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು, ಬಿಳಿ ಮೀಸೆ, ಸಣ್ಣ ಹೊಟ್ಟೆ. ಪಟೇಲರ ಹುಡುಗನ ಜಾಗ ಅಷ್ಟು ವರ್ಷ ಖಾಲಿ ಇದ್ದದ್ದು ಅವರನ್ನು ಕಂಡ ಮೇಲೇ ನನಗೆ ಗೊತ್ತಾದದ್ದು.

ಸೈಕಲ್ ಸವಾರರ ಸುಳ್ಳುಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. "ಇವತ್ತು ನಿಧಾನಕ್ಕೆ ಹೋಗೋಣ" ಎಂದು ಒಬ್ಬ ಅಂದರೆ ಅದು ಯುದ್ಧ ಘೋಷಣೆ. "ರಾತ್ರಿ ಮದುವೆ ಊಟ, ನಿದ್ದೆಯಿಲ್ಲ" ಎಂದರೆ ವಾರವಿಡೀ ಅಭ್ಯಾಸ ಮಾಡಿದ್ದಾನೆ. ಮಂಡಿ ನೋವು ಎಂದವನ ಹತ್ತಿರವಂತೂ ಹೋಗಲೇಬಾರದು. ಸಾಹುಕಾರರು ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೊರಡುತ್ತಿದ್ದರು. ಏರಿನಲ್ಲಿ ಒಬ್ಬರನ್ನು ದಾಟುವಾಗಲೂ ಒಂದು ನಾಟಕವಿದೆ. ಎದೆ ಒಡೆಯುತ್ತಿದ್ದರೂ ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಬೇಕು, ಪಕ್ಕಕ್ಕೆ ಬಂದಾಗ "ಮಂಜು ಚೆನ್ನಾಗಿದೆ ಅಲ್ವಾ?" ಎಂದು ಆರಾಮಾಗಿ ಕೇಳಬೇಕು, ಮುಂದಿನ ತಿರುವು ದಾಟಿ ಕಣ್ಮರೆಯಾದ ಮೇಲೆ ಪ್ರಾಣ ಬಿಡಬೇಕು. ಸಾಹುಕಾರರು ಇದರಲ್ಲಿ ಪಳಗಿದವರು. ಮೊದಮೊದಲು ಅವರು ಹಾಗೆ ಕೇಳಿದಾಗ ನಾನು ಮುಗ್ಧನಾಗಿ ಮಂಜು ನೋಡುತ್ತಿದ್ದೆ.

ಆದರೂ ಬೆಟ್ಟದ ತುದಿಗೆ ಅವರು ನನಗಿಂತ ಮೊದಲು ತಲುಪಿದ್ದು ಕಡಿಮೆ, ಯಾಕೆಂದರೆ ಅವರ ಕಣ್ಣಿಗೆ ರಸ್ತೆಬದಿ ನಿಂತ ಸೈಕಲ್ಲು ಬಿದ್ದರೆ ಮುಂದೆ ಹೋಗಲು ಕಾಲು ಬರುತ್ತಿರಲಿಲ್ಲ. ಸೀಟಿನ ಕೆಳಗಿನ ಚೀಲದಲ್ಲಿ ಅರ್ಧ ಅಂಗಡಿಯೇ ಇತ್ತು: ಅಲೆನ್ ಕೀ, ಚೈನ್ ಟೂಲು, ಚೈನಿನ ಜೋಡುಕೊಂಡಿ, ಎರಡು ಟ್ಯೂಬು, ಇನ್ಸುಲೇಷನ್ ಟೇಪು, ತಂತಿ, ಪ್ರೆಸ್ಟಾ ವಾಲ್ವಿಗೆ ಸಿಕ್ಕಿಸುವ ಹಿತ್ತಾಳೆಯ ಪುಟ್ಟ ಅಡಾಪ್ಟರು. ಈ ಕೊನೆಯದರ ಮಹತ್ವ ಊರೂರು ಸುತ್ತಿದವರಿಗೆ ಗೊತ್ತು. ಹೆದ್ದಾರಿಯ ಪಂಕ್ಚರ್ ಅಂಗಡಿಗಳಲ್ಲಿ ಕಂಪ್ರೆಸರ್ ಇರುತ್ತದೆ, ಕಾರು ಬೈಕುಗಳ ವಾಲ್ವಿಗೆ ಕೂರುವ ನಾಝಲ್ ಇರುತ್ತದೆ, ನಮ್ಮ ದುಬಾರಿ ಸೈಕಲ್ಲಿನ ಸೂಜಿಯಂಥ ವಾಲ್ವಿಗೆ ಅದು ಕೂರುವುದಿಲ್ಲ. ಲಕ್ಷ ರೂಪಾಯಿಯ ಸೈಕಲ್ಲು ಮೂವತ್ತು ರೂಪಾಯಿಯ ಹಿತ್ತಾಳೆ ಚೂರಿಗಾಗಿ ತಲೆಯ ಮೇಲೆ ಕೈ ಹೊತ್ತು ನಿಲ್ಲುತ್ತದೆ. ಸಾಹುಕಾರರು ಅಂಥ ಚೂರುಗಳನ್ನು ತಂದು ಕಂಡವರಿಗೆಲ್ಲ ಹಂಚುತ್ತಿದ್ದರು. ದುಡ್ಡು ಕೊಡಲು ಹೋದರೆ, "ಅಂಗಡೀಗ್ ಬಂದು ಒಂದು ಬೋಲ್ಟು ತಗೊಳ್ರಿ, ಸಾಕು" ಎನ್ನುತ್ತಿದ್ದರು.

ಅವರೇ ನನ್ನನ್ನು ಬ್ರೆವೆಗೆ ಎಳೆದದ್ದು. ಬ್ರೆವೆ ಎಂದರೆ ದೂರದ ಸವಾರಿ. 1904ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಒಂದು ಕ್ಲಬ್ಬಿನ ನಿಯಮಗಳಲ್ಲಿ ಇಂದು ಜಗತ್ತಿನಾದ್ಯಂತ ನಡೆಯುತ್ತದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಗಡುವು. ದಾರಿಯಲ್ಲಿ ಗೊತ್ತುಮಾಡಿದ ಕಡೆ ಕಾರ್ಡಿಗೆ ಮುದ್ರೆ ಹಾಕಿಸಬೇಕು. ಮುದ್ರೆಯವರು ಇಲ್ಲದ ಕಡೆ ಎಟಿಎಂಗೆ ಹೊಕ್ಕು ಒಂದು ಚೀಟಿ ತೆಗೆದರೂ ಆಯಿತು, ಅದರಲ್ಲಿ ಊರೂ ವೇಳೆಯೂ ಅಚ್ಚಾಗಿರುತ್ತದೆ. ನೂರು ರೂಪಾಯಿ ತೆಗೆಯಲು ಬೆವರಿಳಿಸುತ್ತ, ಹೆಲ್ಮೆಟ್ಟು ಹಾಕಿಕೊಂಡೇ ನುಗ್ಗುವ ಮುಖಗಳನ್ನು ಕಂಡು ಬೆಚ್ಚಿದ ಸೆಕ್ಯುರಿಟಿಯವರು ಈ ಹೆದ್ದಾರಿಗಳಲ್ಲಿ ಬಹಳ ಜನ ಇರಬೇಕು. ಮುಖ್ಯವಾದದ್ದು ಇದು: ಬ್ರೆವೆಯಲ್ಲಿ ಮೊದಲು ಬಂದವನಿಗೆ ಬಹುಮಾನವಿಲ್ಲ, ಒಂದು ಎರಡು ಮೂರು ಎನ್ನುವುದೇ ಇಲ್ಲ. ಗಡುವಿನೊಳಗೆ ಮುಗಿಸಿದವರೆಲ್ಲ ಸಮ. ಹಿಂದೆ ಕಾರು ಇಟ್ಟುಕೊಂಡು ನಡುದಾರಿಯಲ್ಲಿ ನೆರವು ಪಡೆಯುವಂತಿಲ್ಲ. ಸವಾರರು ಒಬ್ಬರಿಗೊಬ್ಬರು ನೆರವಾಗಬಹುದು.

ಸ್ಪರ್ಧೆಯಲ್ಲ ಎಂದು ಎಷ್ಟು ಬರೆದರೇನು, ಮುಂದೆ ಕೆಂಪು ದೀಪವೊಂದು ಮಿಣುಕಿದರೆ ಕಾಲು ಕೇಳುತ್ತದೆಯೇ? ಬೆಂಗಳೂರಿನಿಂದ ತುಮಕೂರು, ಶಿರಾ ದಾಟಿ ಹಿರಿಯೂರಿನ ದಿಕ್ಕಿಗೆ ಹೋಗಿ ಮರಳುವ 300ರ ಸವಾರಿಯಲ್ಲಿ ನಾನು ಸಾಹುಕಾರರಿಗಿಂತ ಮುಂದೆ ಬಿದ್ದೆ. ಮುಂಗಾರಿನ ದಿನಗಳು. ಶಿರಾ ಕಳೆದ ಮೇಲೆ ಮರ ಕಡಿಮೆ, ಬಯಲು ಹೆಚ್ಚು, ಗಾಳಿ ಎದೆಗೇ ಬಡಿಯುತ್ತದೆ. ಆ ಸೀಮೆಯ ಗುಡ್ಡಗಳ ಮೇಲೆ ಗಾಳಿಗಿರಣಿಗಳನ್ನು ಸುಮ್ಮನೆ ನೆಟ್ಟಿಲ್ಲ. ಇಳಿಜಾರಿನಲ್ಲೂ ತುಳಿದೇ ಇಳಿಯಬೇಕು. ಅಂಥ ಕಡೆ ನನ್ನ ಹಿಂದಿನ ಟೈರು ಢಬ್ಬೆಂದಿತು.

ಹೆದ್ದಾರಿಯ ಅಂಚಿನಲ್ಲಿ ಸೈಕಲ್ಲಿನವರ ದೊಡ್ಡ ಶತ್ರು ಮೊಳೆಯಲ್ಲ, ಜಾಲಿಮುಳ್ಳೂ ಅಲ್ಲ. ಸಿಡಿದ ಲಾರಿ ಟೈರುಗಳೊಳಗಿನ ಉಕ್ಕಿನ ಎಳೆಗಳು. ಕೂದಲಿನಷ್ಟು ಸಣ್ಣಗಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ, ಟೈರಿನೊಳಗೆ ಉಳಿದರೆ ಹೊಸ ಟ್ಯೂಬನ್ನೂ ತೂತು ಮಾಡುತ್ತವೆ. ನನಗೆ ಆದದ್ದು ಅದಕ್ಕೂ ಮೇಲಿನದು, ಟೈರಿನ ಪಕ್ಕೆಯೇ ಹೆಬ್ಬೆಟ್ಟಿನಗಲ ಸೀಳಿತ್ತು. ಟ್ಯೂಬು ಬದಲಿಸಿದರೆ ಆ ಸೀಳಿನಲ್ಲಿ ಗುಳ್ಳೆ ಎದ್ದು ಮತ್ತೆ ಢಬ್. ದಾಟಿಹೋದ ಸವಾರರೆಲ್ಲ ವೇಗ ತಗ್ಗಿಸಿ "ಎಲ್ಲಾ ಓಕೆನಾ?" ಎಂದರು. ಟ್ಯೂಬು ಬೇಕಾ, ಪಂಪು ಬೇಕಾ ಎಂದರು. ಸೀಳಿಗೆ ಮದ್ದು ಅವರಲ್ಲಿರಲಿಲ್ಲ. ಆಮೇಲೆ ಬಿಳಿ ಮೀಸೆ ಬಂತು.

ಏನಾಯಿತು ಎಂದು ಅವರು ಕೇಳಲಿಲ್ಲ. ಸೈಕಲ್ಲು ಒರಗಿಸಿ, ಟೈರಿನೊಳಗೆ ಬೆರಳಾಡಿಸಿ ಎಳೆಗಳನ್ನು ಒಂದೊಂದಾಗಿ ಉಗುರಿನಲ್ಲಿ ಕಿತ್ತರು. ಪರ್ಸಿನಿಂದ ಹತ್ತರ ನೋಟು ತೆಗೆದು ನಾಲ್ಕು ಮಡಿಕೆ ಮಾಡಿ ಸೀಳಿನ ಒಳಮುಖಕ್ಕೆ, ಟೈರಿಗೂ ಟ್ಯೂಬಿಗೂ ನಡುವೆ ಇಟ್ಟರು. ನೋಟಿನ ಕಾಗದ ಸುಲಭಕ್ಕೆ ಹರಿಯುವಂಥದ್ದಲ್ಲ, ಹತ್ತಿಯದು. ಗಾಳಿಯ ಒತ್ತಡವನ್ನು ತಡೆಯುತ್ತದೆ. ನಾನು ನೂರರ ನೋಟು ಕೊಡಲು ಹೋದೆ. "ಟೈರಿಗೆ ಸಿರಿವಂತಿಕೆ ಯಾಕ್ರೀ" ಎಂದು ತಳ್ಳಿದರು. ಗಾಳಿ ತುಂಬಿ, ಚಕ್ರ ತಿರುಗಿಸಿ ನೋಡಿ, ಕೈಗೆ ಹತ್ತಿದ ಮಸಿಯನ್ನು ನನ್ನ ಅಂಗಿಗೇ ಒರೆಸಿದರು. ಮತ್ತೆ ಗಡಿಯಾರ ನೋಡಿ ಹೇಳಿದರು: "ನೀವು ನನಗಿಂತ ಏಳೆಂಟು ನಿಮಿಷ ಮುಂದಿದ್ರಿ. ಹೊರಡ್ರಿ. ನಾನು ಬಾಳೆಹಣ್ಣು ತಿಂದು ಅಷ್ಟು ಹೊತ್ತು ಬಿಟ್ಟು ಬರ್ತೀನಿ."

ನಾನು ಬೇಡವೆಂದೆ, ಜೊತೆಗೇ ಹೋಗೋಣವೆಂದೆ. ಕೇಳಲಿಲ್ಲ. ರಸ್ತೆಯ ಮೋರಿ ಕಟ್ಟೆಯ ಮೇಲೆ ಕೂತು ಹಣ್ಣು ಸುಲಿಯಲು ಶುರುಮಾಡಿದರು. ನನ್ನ ರಿಪೇರಿಗೆ ಅವರ ಗಡುವಿನಿಂದಲೂ ಅರ್ಧ ಗಂಟೆ ಹೋಗಿತ್ತು. ಮೇಲೆ ನನ್ನ ಮುನ್ನಡೆಯನ್ನೂ ತಮ್ಮ ವೇಳೆಯಿಂದಲೇ ಕಟ್ಟಿಕೊಟ್ಟರು. ನಾನು ಹೊರಟೆ, ಜೀವ ಬಿಟ್ಟು ತುಳಿದೆ, ಹಿರಿಯೂರಿಗೆ ಮುಂಚೆಯೇ ಅವರು ಬಂದು ಹಿಡಿದರು. ಪಕ್ಕಕ್ಕೆ ಬಂದಾಗ "ಗಾಳಿಗಿರಣಿ ಚೆನ್ನಾಗಿ ತಿರುಗ್ತಾವಲ್ಲ?" ಎಂದರು, ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ ಉಸಿರಾಡುತ್ತ.

ಬ್ರೆವೆಯ ಕ್ಲಬ್ಬು ಹುಟ್ಟಿದ ಅದೇ ಫ್ರಾನ್ಸಿನಲ್ಲಿ ಈ ನೆರವಿನ ರೀತಿಗೆ ತದ್ವಿರುದ್ಧವಾದ ಕಾನೂನೂ ಇತ್ತು. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಯೂಜೀನ್ ಕ್ರಿಸ್ತೋಫ್ ಗೆಲ್ಲುವ ಲಕ್ಷಣವಿದ್ದ ಸವಾರ. ಪಿರನೀಸ್ ಪರ್ವತಗಳಲ್ಲಿ ತೂರ್ಮಲೆಯ ಏರು ದಾಟಿ ಇಳಿಯುವಾಗ ಅವನ ಸೈಕಲ್ಲಿನ ಫೋರ್ಕು ಮುರಿಯಿತು. ಹೊರಗಿನವರ ಸಹಾಯ ಪಡೆಯಕೂಡದು ಎಂಬುದು ಆಗಿನ ನಿಯಮ. ಅವನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು ಕೆಳಗಿನ ಹಳ್ಳಿಯ ಕುಲುಮೆಗೆ ಬಂದ. ಅಧಿಕಾರಿಗಳು ನಿಂತು ನೋಡುತ್ತಿರುವಂತೆ ತಾನೇ ಕಬ್ಬಿಣ ಕಾಯಿಸಿ ಬಡಿದು ಫೋರ್ಕು ಬೆಸೆದ. ಎರಡು ಕೈಯಲ್ಲೂ ಕೆಲಸವಿದ್ದಾಗ ಕುಲುಮೆಯ ಹುಡುಗನೊಬ್ಬ ತಿದಿ ಒತ್ತಿದ. ಅದಕ್ಕೆ ಹತ್ತು ನಿಮಿಷ ದಂಡ! ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರಂತೆ, ದೊಡ್ಡ ಉಪಕಾರ. ಆ ಹೊತ್ತಿಗೆ ಕ್ರಿಸ್ತೋಫ್ ಗಂಟೆಗಟ್ಟಲೆ ಹಿಂದೆ ಬಿದ್ದಿದ್ದ. ಆ ವರ್ಷ ಗೆದ್ದವರ ಹೆಸರು ಗೊತ್ತಿರುವವರು ಕಡಿಮೆ, ಕುಲುಮೆಯ ಕಥೆಯನ್ನು ಇಂದಿಗೂ ಹೇಳುತ್ತಾರೆ. ಸಾಹುಕಾರರಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಹುಡುಗನಿಗೆ ಏನಾದ್ರೂ ಕೊಟ್ರೇನು?"

ವಿಜಯಪುರದಲ್ಲಿ ನಾನು ಕಂಡದ್ದನ್ನು ಹೇಳದಿದ್ದರೆ ಈ ಬರಹ ಅರ್ಧಕ್ಕೆ ನಿಲ್ಲುತ್ತದೆ. ಕರ್ನಾಟಕದ ಸೈಕ್ಲಿಂಗಿಗೆ ವಿಜಯಪುರ–ಬಾಗಲಕೋಟೆಯೇ ತವರು. ಅಲ್ಲಿ ಸೈಕ್ಲಿಂಗಿಗೆಂದೇ ಸರ್ಕಾರಿ ಕ್ರೀಡಾ ಹಾಸ್ಟೆಲಿದೆ, ರಾಷ್ಟ್ರಮಟ್ಟದ ಸವಾರರು ಆ ಜಿಲ್ಲೆಗಳ ಹಳ್ಳಿಮನೆಗಳಿಂದ ಬಂದಿದ್ದಾರೆ. ಸಂಬಂಧಿಕರ ಮನೆಯ ಮದುವೆಗೆ ಹೋದಾಗ ಸೈಕಲ್ಲನ್ನೂ ರೈಲಿಗೆ ಹಾಕಿಕೊಂಡು ಹೋಗಿದ್ದೆ. ಬೆಳಗಿನ ಜಾವ ಸೊಲ್ಲಾಪುರದ ರಸ್ತೆಗೆ ಬಿದ್ದರೆ ಕಣ್ಣು ಹರಿಯುವಷ್ಟೂ ಬಯಲು, ಅಡ್ಡಗಾಳಿ. ನಾನು ಮುಖ ತಗ್ಗಿಸಿ ತುಳಿಯುತ್ತಿದ್ದಾಗ ಹಿಂದಿನಿಂದ ಗಿರ್ರೆನ್ನುವ ಸದ್ದು. ಹತ್ತು ಹನ್ನೆರಡು ಹುಡುಗರು, ಒಬ್ಬರ ಚಕ್ರಕ್ಕೆ ಇನ್ನೊಬ್ಬರ ಚಕ್ರ ಗೇಣಿನ ಅಂತರದಲ್ಲಿ, ಕಡ್ಡಿ ಜೋಡಿಸಿದಂತೆ ಸಾಲು.

ದಾಟುವಾಗ ಕೊನೆಯವನು ಕೂಗಿದ: "ಸರ, ಒಬ್ಬರಽ ಯಾಕ್ ಗಾಳಿ ಕೂಡ ಬಡದಾಡತೀರಿ? ಹಿಂದ ಹತ್ಕೊಳ್ರಿ."

ಹತ್ತಿಕೊಂಡೆ. ಇನ್ನೊಬ್ಬರ ಹಿಂದೆ ಅಂಟಿಕೊಂಡು ತುಳಿದರೆ ಶ್ರಮದಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ ಉಳಿಯುತ್ತದೆ ಎಂದು ಓದಿ ಗೊತ್ತಿತ್ತು, ಗಾಳಿಯನ್ನು ಸೀಳುವ ಕೆಲಸ ಮುಂದಿನವನದು. ಮೈಗೆ ಗೊತ್ತಾದದ್ದು ಅಂದೇ. ಗಾಳಿಯ ಬೊಬ್ಬೆ ತಟ್ಟನೆ ನಿಂತು, ಬಾಗಿಲು ಹಾಕಿದ ಕೋಣೆಯೊಳಗೆ ಬಂದ ಹಾಗಾಯಿತು. ಮುಂದಿದ್ದವನು ಸ್ವಲ್ಪ ಹೊತ್ತು ಎಳೆದು ಪಕ್ಕಕ್ಕೆ ಸರಿದು ಹಿಂದಕ್ಕೆ ಬರುತ್ತಾನೆ, ಎರಡನೆಯವನು ಮುಂದಾಳಾಗುತ್ತಾನೆ. ಅಡ್ಡಗಾಳಿಯಾದ್ದರಿಂದ ಸಾಲು ನೆಟ್ಟಗಿರಲಿಲ್ಲ, ಓರೆಯಾಗಿತ್ತು. ಪ್ರತಿಯೊಬ್ಬನೂ ಮುಂದಿನವನ ಮಗ್ಗುಲಲ್ಲಿ ಗಾಳಿಗೆ ಮರೆಯಾಗಿ ನಿಂತಿದ್ದ. ನನ್ನ ಸರದಿ ಬಂದಾಗ ಅವರೇ ನನ್ನನ್ನು ದಾಟಿಸಿಕೊಂಡರು, "ನೀವು ಇರ‍್ರಿ ಸರ" ಎಂದು. ಒಂದು ಸಣ್ಣ ಏರಿನಲ್ಲಿ ನಾನು ಸಾಲಿನಿಂದ ಕಳಚಿಕೊಂಡಾಗ ಒಬ್ಬ ಹಿಂದೆ ಬಂದು ನನ್ನ ಬೆನ್ನ ಕೆಳಗೆ ಅಂಗೈ ಇಟ್ಟು, ಒಂದೇ ಕೈಯಲ್ಲಿ ತನ್ನ ಸೈಕಲ್ಲು ಹಿಡಿದು, ನನ್ನನ್ನು ಸಾಲಿಗೆ ಒಯ್ದು ಸೇರಿಸಿದ. ನನ್ನ ಮಗನಿಗಿಂತ ಚಿಕ್ಕವನು.

ಚಹಾದಂಗಡಿಯಲ್ಲಿ ನಿಂತಾಗ ಗೊತ್ತಾಯಿತು, ಮುಂದಿನ ವಾರ ಅವರೆಲ್ಲರಿಗೂ ಆಯ್ಕೆ ಪಂದ್ಯ. ಕೆಲವೇ ಜಾಗ, ಇವರಲ್ಲೇ ಪೈಪೋಟಿ. ಒಬ್ಬನ ಸೈಕಲ್ಲಿಗೆ ಹಾಕಿದ್ದ ಒಳ್ಳೆಯ ಗಾಲಿಗಳು ಅವನವಲ್ಲ, ಅವನ ನೇರ ಎದುರಾಳಿಯವು. ಹಾಕಿಕೊಂಡವನ ಸ್ವಂತ ಗಾಲಿ ಡೊಂಕಾಗಿದೆ, ರಿಪೇರಿಗೆ ಕೊಟ್ಟಿದೆ, ಅದಕ್ಕೇ ಎದುರಾಳಿ ತನ್ನ ಇನ್ನೊಂದು ಜೊತೆ ಕೊಟ್ಟಿದ್ದಾನೆ. ಕೊಟ್ಟವನನ್ನು ಕೇಳಿದೆ: "ನಿನ್ನ ಗಾಲಿ ಹಾಕಿಕೊಂಡು ಅವನು ನಿನ್ನನ್ನೇ ಸೋಲಿಸಿದರೆ?"

"ಸೋಲಿಸಲಿ ಬಿಡ್ರಿ ಸರ. ಗಾಲಿ ಇಲ್ಲದವನ್ನ ಸೋಲಿಸಿದ್ರ ನಮ್ಮ ಕೋಚ್ ಸರ ನನ್ನ ಟೈಮ್ ನಂಬಂಗಿಲ್ಲ."

ಇನ್ನೊಬ್ಬ ನಡುವೆ ಬಾಯಿ ಹಾಕಿದ: "ಸುಳ್ಳ ಸರ. ಅವ ಹೆಂಗೂ ಸೋಲಿಸಂಗಿಲ್ಲ ಅಂತ ಧೈರ್ಯ ಐತಿ ಇವಗ." ಎಲ್ಲರೂ ನಕ್ಕರು, ಗಾಲಿ ಪಡೆದವನೂ ನಕ್ಕ. ಆಯ್ಕೆಯಲ್ಲಿ ಏನಾಯಿತೆಂದು ವಿಚಾರಿಸಲು ನನಗೆ ಆಗಲಿಲ್ಲ.

ಈಗ ಮೊಬೈಲಿನ ಆ್ಯಪುಗಳು ಬಂದು ಪೈಪೋಟಿಯ ರೂಪ ಬದಲಾಗಿದೆ. ಇಂಥ ಸೇತುವೆಯಿಂದ ಇಂಥ ತಿರುವಿನವರೆಗೆ ಯಾರು ಎಷ್ಟು ಸೆಕೆಂಡಿನಲ್ಲಿ ತುಳಿದರೆಂದು ಪಟ್ಟಿ ಬರುತ್ತದೆ. ನಾನು ಮಂಗಳವಾರ ತುಳಿದದ್ದನ್ನು ನನಗೆ ಗುರುತೇ ಇಲ್ಲದವರೊಬ್ಬರು ಗುರುವಾರ ಮುರಿಯುತ್ತಾರೆ. ಇದನ್ನು ಬೈಯುವವರ ಜೊತೆ ನಾನಿಲ್ಲ, ನನಗೂ ಆ ಪಟ್ಟಿ ನೋಡುವ ಚಟವಿದೆ. ಆದರೆ ಪಟ್ಟಿಯಲ್ಲಿರುವ ಎದುರಾಳಿಗೆ ಚೈನು ಕಳಚುವುದಿಲ್ಲ, ಬಾಯಾರುವುದಿಲ್ಲ. ಅವನ ಹತ್ತಿರ ನಿಲ್ಲುವ ಪ್ರಸಂಗವೇ ಬರುವುದಿಲ್ಲ. ಅಂಥ ಪಟ್ಟಿಗಾಗಿ ತುಳಿಯುವವರು ರಸ್ತೆಯಲ್ಲಿ ನಿಂತವರನ್ನು ಕಂಡೂ ನಿಲ್ಲದೆ ಹೋಗುವುದನ್ನು ಈಚೆಗೆ ನೋಡುತ್ತಿದ್ದೇನೆ, ಸೆಕೆಂಡು ಎಣಿಕೆಯಾಗುತ್ತಿರುತ್ತದಲ್ಲ.

ನನಗೆ ಇನ್ನೂ ದೊಡ್ಡದಾಗಿ ಕಾಣುವ ಕೊರತೆ ಬೇರೆಯದು. ದೊಡ್ಡಬಳ್ಳಾಪುರದ ರಸ್ತೆಯಲ್ಲಿ ನಮ್ಮ ಗುಂಪಿಗೆ ಬೆಳಗ್ಗೆ ಒಬ್ಬ ಹಾಲಿನವರು ಸಿಗುತ್ತಾರೆ. ಡೇರಿಗೆ ಹಾಲು ಹಾಕಿ ಬರುವವರು, ಹಳೇ ಅಟ್ಲಾಸು, ಎರಡೂ ಪಕ್ಕ ಖಾಲಿ ಕ್ಯಾನು. ಮೊದಲ ಸಲ ಸಿಕ್ಕಾಗ ನಮ್ಮ ಸೈಕಲ್ಲಿನ ಬೆಲೆ ಕೇಳಿದರು, ಹೇಳಿದೆವು, "ಈ ದುಡ್ಡಿಗೆ ಬೈಕೇ ಬರ‍್ತಿತ್ತಲ್ಲ ಸಾರ್!" ಎಂದರು. ಅದು ಎಲ್ಲರೂ ಹೇಳುವ ಮಾತು. ಎಲ್ಲರೂ ಮಾಡದ್ದು ಅವರು ಆಮೇಲೆ ಮಾಡಿದ್ದು: ಲುಂಗಿ ಎತ್ತಿ ಕಟ್ಟಿ, ಕ್ಯಾನು ಗಡಗಡ ಎನ್ನಿಸುತ್ತ, ಮುಂದಿನ ಊರಿನ ಅರಳಿಕಟ್ಟೆಯವರೆಗೆ ನಮ್ಮೆಲ್ಲರನ್ನೂ ಹಿಂದೆ ಹಾಕಿದರು. ಅಲ್ಲಿ ಇಳಿದು, "ಗೇರು ಹಾಕ್ಕೊಂಡು ಬನ್ನಿ ಸಾರ್ ನಾಳೆ" ಎಂದರು. ಅವರ ಜೊತೆಗಿನ ಪೈಪೋಟಿ ಇನ್ನೂ ನಡೆದಿದೆ. ಅವರ ಕ್ಯಾನು ತುಂಬಿದ್ದಾಗ ಯಾರೂ ದಾಟುವುದಿಲ್ಲ.

ಕೊರತೆ ಎಂದೆನಲ್ಲ, ಅದು ಇದು: ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ, ಕಟ್ಟಡ ಕೆಲಸಕ್ಕೆ ಹೋಗುವವರು, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು, ಒಡಿಶಾ ಬಿಹಾರಗಳಿಂದ ಬಂದ ಹುಡುಗರು ಸೆಕೆಂಡ್‌ಹ್ಯಾಂಡ್ ಸೈಕಲ್ಲುಗಳಲ್ಲಿ ಟಿಫಿನ್ ಡಬ್ಬಿ ನೇತುಹಾಕಿಕೊಂಡು ಹೋಗುತ್ತಿರುತ್ತಾರೆ. ಹೆಲ್ಮೆಟ್ಟು ಹಾಕಿದವನು ರಸ್ತೆಬದಿ ನಿಂತಿದ್ದರೆ ಹತ್ತು ಜನ "ಎಲ್ಲಾ ಓಕೆನಾ?" ಎನ್ನುತ್ತಾರೆ. ಗಾಳಿ ಹೋದ ಸೈಕಲ್ಲನ್ನು ತಳ್ಳಿಕೊಂಡು ನಡೆಯುವ ಗಾರೆಕೆಲಸದವನನ್ನು ಆ ಹತ್ತೂ ಜನ ಸುಮ್ಮನೆ ದಾಟುತ್ತಾರೆ. ಅವನು ಸೈಕಲ್ ಸವಾರ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ನಮಗೆ ತಡವಾದರೆ ಉಪಾಹಾರ ತಡ, ಅವನಿಗೆ ತಡವಾದರೆ ಅರ್ಧ ದಿನದ ಕೂಲಿ ಖೋತ. ಅವನ ಸೈಕಲ್ಲಿಗೆ ಹಿಂದೀಪವಿಲ್ಲ, ಮಳೆಗಾಲದ ಮಬ್ಬಿನಲ್ಲಿ ಲಾರಿಯವನಿಗೆ ಕಾಣುವುದಿಲ್ಲ. ನಮ್ಮ ಹಳೆಯದಾದ, ಬದಲಿಸಿ ಬಿಸಾಡುವ ಕೆಂಪು ದೀಪವನ್ನು ಅವನ ಕ್ಯಾರಿಯರಿಗೆ ಕಟ್ಟಲು ಒಂದು ನಿಮಿಷ ಸಾಕು. ಸಾಹುಕಾರರು ಈಗ ಬೆಟ್ಟ ಹತ್ತುವುದನ್ನು ಬಿಟ್ಟಿದ್ದಾರೆ, ಮಂಡಿ ನಿಜವಾಗಿಯೂ ನೋಯುತ್ತಿದೆ. ಭಾನುವಾರ ಆ ರಸ್ತೆಯ ಟೀ ಅಂಗಡಿಯಲ್ಲಿ ಕೂತು ಇಂಥ ದೀಪಗಳನ್ನು ಕಟ್ಟುತ್ತಾರೆ.

ನಿಮ್ಮಲ್ಲಿ ಯಾರಾದರೂ ಆ ಕಡೆ ತುಳಿಯುವವರಿದ್ದರೆ, ಮನೆಯಲ್ಲಿ ಬಿದ್ದಿರುವ ಹಳೇ ದೀಪ ತಂದುಕೊಡಿ. ದಾರಿಯಲ್ಲಿ ಸೈಕಲ್ ತಳ್ಳುವವರು ಕಂಡರೆ ನಿಲ್ಲಿ. ನಮ್ಮ ಪಂಪು ಅವರ ಸೈಕಲ್ಲಿಗೆ ಆಗುವುದಿಲ್ಲ ಎನ್ನುವ ನೆಪವೂ ಇಲ್ಲ: ಪ್ರೆಸ್ಟಾಗೆಂದು ಮಾಡಿದ ಪಂಪಿನ ಬಾಯಿ ಆ ಹಳೇ ಕಪ್ಪು ಸೈಕಲ್ಲಿನ ವಾಲ್ವಿಗೂ ಸರಿಯಾಗಿ ಕೂರುತ್ತದೆ.